ಚಕ್ರಗಳಿಗೆ ಬೀಗ ಹಾಕಲಾಗಿದೆ

ಮೊದಲು ಒಂದು ಖಚಿತ ಸಂಗತಿ ಹೇಳಿಬಿಡಬೇಕು. ತುಮಕೂರಿನ ಆ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲಿ ಈವರೆಗೆ ಯಾವ ಕಾರಿನ ಯಾವ ಚಕ್ರವೂ ಕಳುವಾಗಿಲ್ಲ. ಒಮ್ಮೆ ಒಂದು ಬಕೆಟ್ ಕಳುವಾಯಿತು ಎಂದು ಗಲಾಟೆಯಾಗಿತ್ತು. ಅದೂ ಆಮೇಲೆ ಅದೇ ಮನೆಯ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿತು. ಆದ್ದರಿಂದ ಮುಂದೆ ನಡೆದ ಯಾವುದಕ್ಕೂ ಕಳ್ಳರನ್ನು ದೂರುವಂತಿಲ್ಲ. ಅವರು ಆ ದಿನಗಳಲ್ಲಿ ಎಲ್ಲಿದ್ದರೋ, ತಮ್ಮ ಪಾಡಿಗೆ ತಾವಿದ್ದರು.

ಆ ರಸ್ತೆಯ ಗುರುಸಿದ್ದಯ್ಯ ಖಾಸಗಿ ಕಾಲೇಜೊಂದರಲ್ಲಿ ಕಚೇರಿ ಸೂಪರಿಂಟೆಂಡೆಂಟ್. ಬಹಳ ಜಾಗರೂಕ ಮನುಷ್ಯ, ಅಷ್ಟೇ ಮರೆಗುಳಿ. ಈ ಎರಡು ಗುಣಗಳು ಒಂದೇ ದೇಹದಲ್ಲಿ ಅಷ್ಟು ಹೊಂದಾಣಿಕೆಯಿಂದ ಬಾಳುವುದು ಅಪರೂಪ. ಗ್ಯಾಸ್ ಪುಸ್ತಕ, ತಮ್ಮದೇ ಅಂಕಪಟ್ಟಿ, ಹೆಂಡತಿಯ ಓಲೆಯ ತಿರುಪು, ಹೀಗೆ ಮುಖ್ಯವೆನಿಸಿದ್ದನ್ನೆಲ್ಲ ಅವರು ಯಾರಿಗೂ ಹೊಳೆಯದ ಜಾಗದಲ್ಲಿ ಇಡುತ್ತಿದ್ದರು. ಆ ಜಾಗ ಎರಡನೇ ದಿನ ಅವರಿಗೂ ಹೊಳೆಯುತ್ತಿರಲಿಲ್ಲ.

"ನಮ್ಮನೇಲಿ ಕಳೆದೋಗಿದ್ದು ಯಾವತ್ತಿದ್ರೂ ಸಿಗುತ್ತೆ ಕಣಕ್ಕ. ಇವ್ರು ಭದ್ರವಾಗಿಟ್ಟಿದ್ದು ಮಾತ್ರ ಸಿಗಲ್ಲ" ಎಂದು ಅವರ ಹೆಂಡತಿ ಸರ್ವಮಂಗಳ ಪಕ್ಕದ ಮನೆಯ ವನಜಮ್ಮನ ಹತ್ತಿರ ಹೇಳುವುದಿತ್ತು.

ಪಕ್ಕದ ಮನೆ ಎಂದರೆ ಪೂರ್ತಿ ಪಕ್ಕವಲ್ಲ. ನಡುವೆ ಒಂದು ಖಾಲಿ ಸೈಟು. ಅದರ ಮಾಲೀಕ ಯಾರೋ, ಎಲ್ಲೋ ಇದ್ದಾರೆ. ಎರಡೂ ಮನೆಯವರು ಸೇರಿ ಅಲ್ಲಿನ ಪಾರ್ಥೇನಿಯಂ ಕಿತ್ತು, ಜಲ್ಲಿ ಹಾಕಿಸಿ, ಕಾರು ನಿಲ್ಲಿಸಿಕೊಳ್ಳುತ್ತಿದ್ದರು. ಆ ಬದಿಯ ಮನೆ ವನಜಮ್ಮನ ಗಂಡ, ಕೊಬ್ಬರಿ ವ್ಯಾಪಾರದ ಚನ್ನವೀರಯ್ಯನವರದು. ಇವರು ಊರಿಗೆ ಹೋದರೆ ಇವರ ಮನೆ ಕೀ ಅವರಲ್ಲಿ. ಅವರು ಹೋದರೆ ಅವರದು ಇವರಲ್ಲಿ. ಆಮೇಲಾಮೇಲೆ ಕೊಟ್ಟು ತೆಗೆದುಕೊಳ್ಳುವುದೇ ರೇಜಿಗೆ ಎನ್ನಿಸಿ, ಒಂದೊಂದು ಕೀ ಕಾಯಂ ಆಗಿ ಆಚೀಚೆ ಉಳಿದವು. ಚನ್ನವೀರಯ್ಯನವರ ನಡುಮನೆಯಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆ ಗುರುಸಿದ್ದಯ್ಯನವರ ಕೀಗೆಂದೇ ಮೀಸಲು. ಹನ್ನೆರಡು ವರ್ಷದಲ್ಲಿ ಕ್ಯಾಲೆಂಡರ್ ಬದಲಾಗಿತ್ತೇ ಹೊರತು ಕೀ ಬದಲಾಗಿರಲಿಲ್ಲ.

ದಸರೆಗೆ ಸ್ವಲ್ಪ ಮುಂಚೆ ಗುರುಸಿದ್ದಯ್ಯ ತಮ್ಮ ಕಾರಿಗೆ ದುಬಾರಿ ಅಲಾಯ್ ಚಕ್ರ ಹಾಕಿಸಿದರು. ಅದರ ಮರುದಿನವೇ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ಊರಿನಲ್ಲಿ, ಬೆಳಗಾಗುವಷ್ಟರಲ್ಲಿ, ಒಂದು ಕಾರು ನಾಲ್ಕೂ ಚಕ್ರ ಕಳೆದುಕೊಂಡು ಇಟ್ಟಿಗೆಗಳ ಮೇಲೆ ಕೂತಿತ್ತು. ಹಲ್ಲು ಕಟ್ಟು ತೆಗೆದಿಟ್ಟ ಮುದುಕನ ಮುಖದ ಹಾಗೆ ಕಾಣುತ್ತಿದ್ದ ಆ ಕಾರನ್ನು ಗುರುಸಿದ್ದಯ್ಯ ಮತ್ತೆ ಮತ್ತೆ ನೋಡಿ, ಸಂಜೆಯೇ ಬಿ.ಎಚ್. ರಸ್ತೆಯ ಕಾರಿನ ಬಿಡಿಭಾಗಗಳ ಅಂಗಡಿಗೆ ಹೋದರು.

ಅಂಗಡಿಯ ಕಾಂತೇಶ್ ಒಂದು ಚಿಕ್ಕ ಡಬ್ಬಿ ಬಿಚ್ಚಿ ಮುಂದಿಟ್ಟ. ನಾಲ್ಕು ನಟ್ಟು, ಮತ್ತು ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ಕೊಳವೆ.

"ಒಂದೊಂದು ವೀಲಲ್ಲಿ ಒಂದು ನಟ್ ತೆಗ್ದು ಇದನ್ನ ಹಾಕೋದು ಸಾರ್. ಲಾಕ್ ನಟ್ಟು. ಮಿಕ್ಕಿದ್ನೆಲ್ಲ ಮಾಮೂಲಿ ಸ್ಪಾನರ್‌ನಲ್ಲಿ ಬಿಚ್ಬೋದು. ಇದಕ್ಕೆ ಮಾತ್ರ ಈ ಕೀ ಕೂರಿಸ್ಲೇಬೇಕು. ಕೀ ಇಲ್ದೆ ಯಾರ್ ಕೈಲೂ ಬಿಚ್ಚಕಾಗಲ್ಲ."

"ಯಾರ ಕೈಲೂ?"

"ಯಾರ ಕೈಲೂ."

"ನನ್ನ ಕೈಲಿ?"

"ನೀವೂ ಅದ್ರಲ್ಲೇ ಬಂದ್ರಲ್ಲ ಸಾರ್."

ಈ ಉತ್ತರದಿಂದ ಗುರುಸಿದ್ದಯ್ಯನವರಿಗೆ ಪೂರ್ತಿ ಸಮಾಧಾನವಾಯಿತು. ಆಗಬಾರದಿತ್ತು.

"ಕೀನ ಡಿಕ್ಕೀಲಿ ಸ್ಟೆಪ್ನಿ ಜೊತೆ ಇಟ್ಬಿಡಿ. ಎಲ್ರೂ ಅಲ್ಲೇ ಇಡೋದು" ಎಂದ ಕಾಂತೇಶ್.

"ಎಲ್ರೂ ಅಲ್ಲೇ ಇಡ್ತಾರೆ ಅಂತ ಕಳ್ಳನಿಗೂ ಗೊತ್ತಿರುತ್ತಲ್ಲಪ್ಪ" ಎಂದರು ಗುರುಸಿದ್ದಯ್ಯ. ತರ್ಕದಲ್ಲಿ ಏನೂ ತಪ್ಪಿರಲಿಲ್ಲ. ಅವರ ಎಲ್ಲ ಅನಾಹುತಗಳೂ ಸರಿಯಾದ ತರ್ಕದಿಂದಲೇ ಶುರುವಾಗುತ್ತಿದ್ದವು.

ಬೀಗ ಹಾಕಿಸಿದ ಮೇಲೆ ಅವರಿಗೆ ಇನ್ನೊಂದು ಯೋಚನೆ ಬಂತು. ಕಳ್ಳ ಬಂದು, ಮೂರು ನಟ್ಟು ಬಿಚ್ಚಿ, ನಾಲ್ಕನೆಯದು ಬಾರದೆ ಸಿಟ್ಟಿಗೆದ್ದು ಗಾಜು ಒಡೆದರೆ? ಅವನಿಗೆ ಮೊದಲೇ ತಿಳಿಸುವುದು ಒಳ್ಳೆಯದಲ್ಲವೆ? ನಂಬರ್ ಪ್ಲೇಟ್ ಬರೆಯುವವನಲ್ಲಿಗೆ ಹೋಗಿ ಹಿಂದಿನ ಗಾಜಿನ ಮೇಲೆ ದಪ್ಪ ಹಳದಿ ಅಕ್ಷರಗಳಲ್ಲಿ ಸ್ಟಿಕ್ಕರ್ ಅಂಟಿಸಿದರು: "ಎಚ್ಚರಿಕೆ! ಚಕ್ರಗಳಿಗೆ ಬೀಗ ಹಾಕಲಾಗಿದೆ. ಪ್ರಯತ್ನಿಸಬೇಡಿ."

ಕಾರು ನಿಲ್ಲುತ್ತಿದ್ದದ್ದು ಅಡ್ಡಡ್ಡವಾಗಿ. ಅದರ ಮೂತಿ ಗುರುಸಿದ್ದಯ್ಯನವರ ಗೋಡೆಗೆ, ಬೆನ್ನು ಚನ್ನವೀರಯ್ಯನವರ ಜಗಲಿಗೆ.

ಚನ್ನವೀರಯ್ಯ ಬೆಳಗ್ಗೆ ಪೂಜೆ ಮುಗಿಸಿ, ವಿಭೂತಿ ಧರಿಸಿ, ಜಗಲಿಯ ಮೇಲೆ ಕಾಫಿ ಕುಡಿಯುವವರು. ಮೊದಲನೆಯ ದಿನ ಓದಿದರು, ನಕ್ಕರು. ಎರಡನೆಯ ದಿನ ಓದಿದರು, ನಗಲಿಲ್ಲ. ದಿನಾ ಕಾಫಿಯ ಜೊತೆಗೆ "ಪ್ರಯತ್ನಿಸಬೇಡಿ" ಎಂಬುದನ್ನು ಓದಬೇಕಾಗಿ ಬಂದ ಮನುಷ್ಯನ ಸ್ಥಿತಿಯನ್ನು ನಾವು ಸಹಾನುಭೂತಿಯಿಂದ ಪರಿಶೀಲಿಸಬೇಕು. ವಾರ ಕಳೆಯುವುದರೊಳಗೆ ಅವರು ಇಳಿದು ಬಂದು ಕೇಳಿಯೇಬಿಟ್ಟರು.

"ಅಲ್ಲ ಗುರುಸಿದ್ದಣ್ಣ, ಯಾರಿಗೆ ಈ ಬೋರ್ಡು?"

"ಸಾಮಾನ್ಯವಾಗಿ ಎಲ್ಲರಿಗೂ."

"ಎಲ್ಲರೂ ಅಂದ್ರೆ ಯಾರು? ಆ ಕಡೆ ನಿಮ್ ಗೋಡೆ. ಈ ಕಡೆ ನಾನು. ಗೋಡೆಗೆ ಓದಕ್ಕೆ ಬರಲ್ಲ."

"ಅಯ್ಯೋ, ನಿಮಗಲ್ಲ ಅಣ್ಣ. ನೀವು ಹಾಗೆ ಅನ್ಕೋಬೇಡಿ ಅಂತ ಮೊದಲೇ ಹೇಳ್ಬೇಕು ಅನ್ಕೊಂಡಿದ್ದೆ, ಮರೆತೆ."

"ಅಂದ್ರೆ ನಾನು ಹಾಗೆ ಅನ್ಕೋತೀನಿ ಅನ್ನೋದು ನಿಮಗೆ ಮೊದಲೇ ಹೊಳ್ದಿತ್ತು."

ಗುರುಸಿದ್ದಯ್ಯ ಟೈರಿನ ಗಾಳಿ ನೋಡುವವರಂತೆ ಬಗ್ಗಿದರು. ಏನು ಹೇಳಿದ್ದರೂ ಅದು ಇನ್ನಷ್ಟು ಕೆಡಿಸುತ್ತಿತ್ತು. ಆ ವರ್ಷದ ಆಯುಧಪೂಜೆಯಲ್ಲಿ, ಎರಡು ಕಾರಿಗೂ ಸೇರಿ ಒಂದೇ ಬೂದುಗುಂಬಳಕಾಯಿ ಒಡೆಯುತ್ತಿದ್ದ ಖಾಲಿ ಸೈಟಿನಲ್ಲಿ ಎರಡು ಬೂದುಗುಂಬಳಕಾಯಿ ಒಡೆದವು.

ಪೂಜೆಯ ದಿನ ಗುರುಸಿದ್ದಯ್ಯ ಸ್ಪಾನರು, ಜಾಕು, ಸುತ್ತಿಗೆ, ಸರ್ವಮಂಗಳ ಅವರ ಈಳಿಗೆಮಣೆ, ಮನೆಯಲ್ಲಿದ್ದ ಕೀಗಳು, ಎಲ್ಲವನ್ನೂ ದೇವರ ಮುಂದಿಟ್ಟು ವಿಭೂತಿ ಕುಂಕುಮ ಹಚ್ಚಿದರು. ಚಕ್ರದ ಬೀಗದ ಕೀಯೂ ಅಲ್ಲಿತ್ತು. ಮರುದಿನ ಎಲ್ಲ ಎತ್ತುವಾಗ ಅವರಿಗೆ ಅದಕ್ಕೊಂದು ಭದ್ರವಾದ ಜಾಗ ಹೊಳೆಯಿತು. ಎಲ್ಲಿ ಎಂಬುದನ್ನು ಮುಂದೆ ನೋಡೋಣ. ಆ ಹೊತ್ತಿಗೆ ರಸ್ತೆಯಲ್ಲಿ ಬೇರೆ ಸುದ್ದಿ ಓಡಾಡುತ್ತಿತ್ತು.

ಯಾರೋ ಸ್ಟಿಕ್ಕರಿನ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ, "ನಮ್ಮ ರಸ್ತೆಯಲ್ಲಿ ಚಕ್ರ ಕಳ್ಳರಿದ್ದಾರೆಯೇ?" ಎಂದು ಕೇಳಿದ್ದರು. ಪ್ರಶ್ನಾರ್ಥಕ ಚಿಹ್ನೆ ಎರಡನೇ ಗುಂಪಿಗೆ ಹೋಗುವಾಗ ಉದುರಿತು. ಊರಂಚಿನ ಬಟವಾಡಿ ತಲುಪುವಷ್ಟರಲ್ಲಿ ಎರಡು ಚಕ್ರ ಹೋಗಿದ್ದವು. ಗುಬ್ಬಿಯಲ್ಲಿ ನಾಲ್ಕೂ ಹೋದವು. ಸಿ.ಎಸ್. ಪುರದ ನೆಂಟರಿಗೆ ಸುದ್ದಿ ಮುಟ್ಟಿದಾಗ ಕಾರೇ ಇರಲಿಲ್ಲ.

ಗುಬ್ಬಿಯಿಂದ ಗುರುಸಿದ್ದಯ್ಯನವರ ಚಿಕ್ಕಪ್ಪ ಕದರಯ್ಯ ಚೀಲದ ತುಂಬ ತೆಂಗಿನಕಾಯಿ ಹೊತ್ತು, ಬಸ್ಸು ಹತ್ತಿ, ಸಮಾಧಾನ ಹೇಳಲು ಬಂದರು. ಬಾಗಿಲಲ್ಲೇ ಶುರುವಾಯಿತು.

"ಹೋದ್ರೆ ಹೋಯ್ತು ಬುಡಪ್ಪ. ಕಾರೇನು, ಇವತ್ತು ಬತ್ತದೆ, ನಾಳೆ ಹೋಯ್ತದೆ. ಜೀವಕ್ಕೇನೂ ಆಗ್ಲಿಲ್ವಲ್ಲ." ಚೀಲ ಇಳಿಸಿ, ಬೆವರು ಒರೆಸಿಕೊಂಡು, ಕಿಟಕಿಯಾಚೆ ನೋಡಿದರು. "ಅದ್ಯಾರ್ದ್ಲಾ ಕಾರು?"

"ನಂದೇ ಚಿಕ್ಕಪ್ಪ."

"ವಾಪಸ್ ಸಿಕ್ತಾ?"

"ಹೋಗೇ ಇರ್ಲಿಲ್ಲ."

"ಮತ್ತೆ ಬೀಗ ಯಾಕಾಕ್ದೆ?"

"ಹೋಗದೇ ಇರ್ಲಿ ಅಂತ."

ಕದರಯ್ಯ ಬಹಳ ಹೊತ್ತು ಕಾರನ್ನೂ ಅಣ್ಣನ ಮಗನನ್ನೂ ನೋಡಿದರು. "ಹೋಗ್ದೇ ಇರೋದಕ್ಕೆ ಇಷ್ಟು ಊರಿಗೆ ಸುದ್ದಿ ಮುಟ್ಸಿದೀಯಲ್ಲೋ. ನಾನು ಬೆಳಗಿಂದ ಬಾಯಿಗೆ ಒಂದು ತುತ್ತು ಹಾಕಿಲ್ಲ ಕಣೋ, ದುಃಖದಲ್ಲಿ." ಊಟಕ್ಕೆ ಕೂತು, ಆ ದುಃಖವನ್ನು ತೃಪ್ತಿಯಾಗಿ ಪರಿಹರಿಸಿಕೊಂಡು, ಸಂಜೆ ಬಸ್ಸಿಗೆ ಹೋದರು. ತೆಂಗಿನಕಾಯಿಗಳಲ್ಲಿ ಅರ್ಧವನ್ನು ವಾಪಸು ಒಯ್ದರು, ಕಾರು ಇದೆಯಲ್ಲ.

ನೆಂಟರ ಬಳಿಕ ಸರ್ಕಾರ ಬಂತು. ಬೀಟ್ ಪೊಲೀಸ್ ಗಂಗಹನುಮಯ್ಯ ಬೈಕನ್ನು ಖಾಲಿ ಸೈಟಿನಲ್ಲೇ ನಿಲ್ಲಿಸಿ, ಸ್ಟಿಕ್ಕರನ್ನು ಜೋರಾಗಿ ಓದಿ, ಅಲ್ಲೇ ವಿಚಾರಣೆಗೆ ನಿಂತರು. ಚನ್ನವೀರಯ್ಯ ಜಗಲಿಯ ಮೇಲೆ ಪತ್ರಿಕೆಯ ಹಿಂದೆ ಕೂತಿದ್ದರು. ಪತ್ರಿಕೆ ಅಲುಗಾಡುತ್ತಿರಲಿಲ್ಲ.

"ಕಳುವಾಗಿಲ್ಲ ಅಂತೀರ. ಬೀಗ ಹಾಕಿದೀರ. ಅಂದ್ರೆ ಯಾರ ಮೇಲೋ ಡೌಟಿದೆ."

"ಯಾರ ಮೇಲೂ ಇಲ್ಲ ಸಾರ್."

"ಈ ಜಾಗಕ್ಕೆ ಯಾರ್ಯಾರು ಬರ್ತಾರೆ?"

"ನಾನು, ಮತ್ತೆ ಚನ್ನವೀರಣ್ಣ. ಅವರು ಬಹಳ ಒಳ್ಳೆಯವರು. ನಮ್ಮ ಮನೆ ಕೀನೇ ಅವರ ಹತ್ರ ಇರುತ್ತೆ."

ಸ್ನೇಹಿತನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಕೊಡಲು ಗುರುಸಿದ್ದಯ್ಯನವರಿಂದ ಆಗುತ್ತಿರಲಿಲ್ಲ. ಗಂಗಹನುಮಯ್ಯನವರ ಕಿವಿಗೆ ಅದು ಬೇರೆ ರೀತಿ ಬಿತ್ತು.

"ಓ. ಮನೆ ಒಳಗೂ ಹೋಗೋ ಅವಕಾಶ ಇದೆ ಅನ್ನಿ" ಎಂದು ತಲೆಯಾಡಿಸಿದರು.

ಪತ್ರಿಕೆ ಮಡಿಸಿದ ಸದ್ದಾಯಿತು. ಪೊಲೀಸರ ಬೈಕು ರಸ್ತೆ ದಾಟುವುದರೊಳಗೆ ಚನ್ನವೀರಯ್ಯ ಇವರ ಗೇಟಿನಲ್ಲಿದ್ದರು. ಕೈಯಲ್ಲಿ ಮೊಳೆಯಿಂದ ತೆಗೆದ ಕೀ.

"ತಗೊಳ್ಳಿ ಗುರುಸಿದ್ದಯ್ಯನವರೇ."

ಹನ್ನೆರಡು ವರ್ಷ ಗುರುಸಿದ್ದಣ್ಣನಾಗಿದ್ದವರು ಅಂದು ಗುರುಸಿದ್ದಯ್ಯನವರೇ ಆದರು. ಆ ಗೌರವ ಅವರನ್ನು ನಡುಗಿಸಿತು.

"ಅಣ್ಣ, ಆ ಪೊಲೀಸಿನವರು ಅಂದಿದ್ದಕ್ಕೆ..."

"ಅವರೇನೂ ಅನ್ಲಿಲ್ಲ. ನೀವು ಬರೆಸಿದ್ದನ್ನ ಓದಿದ್ರು ಅಷ್ಟೇ. ನಮ್ಮನೆ ಕೀ ಕೊಡಿ."

ಇಲ್ಲಿ ವಿಷಯ ನಿಜಕ್ಕೂ ಹದಗೆಟ್ಟಿತು. ಚನ್ನವೀರಯ್ಯನವರ ಮನೆ ಕೀ ಸಿಗಲಿಲ್ಲ. ಗುರುಸಿದ್ದಯ್ಯ ಬೀರು ಸುರಿದರು, ಹಾಸಿಗೆ ಎತ್ತಿದರು, ಅಕ್ಕಿ ಡಬ್ಬಿಗೆ ಕೈ ಹಾಕಿದರು. ಬಾಗಿಲಲ್ಲಿ ನಿಂತ ಮನುಷ್ಯನಿಗೆ ಕೊನೆಗೆ, "ಭದ್ರವಾಗಿಟ್ಟಿದೀನಿ ಅಣ್ಣ, ಹುಡುಕಿ ಕೊಡ್ತೀನಿ" ಎಂದರು. ತನ್ನ ಚಕ್ರಕ್ಕೆ ಬೀಗ ಹಾಕಿಕೊಂಡವನು, ತನ್ನ ಮನೆ ಕೀ ವಾಪಸು ಪಡೆದವನು, ಪಕ್ಕದವರ ಮನೆ ಕೀ ಮಾತ್ರ ಕೊಡುತ್ತಿಲ್ಲ. ಇಷ್ಟನ್ನೇ ಬರೆದರೆ ಯಾವ ಓದುಗನಾದರೂ ಚನ್ನವೀರಯ್ಯನವರ ಪಕ್ಷ ವಹಿಸುತ್ತಾನೆ.

ಕೆಲವು ದಿನ ಕಾದು ಚನ್ನವೀರಯ್ಯ ಬಾಗಿಲ ಬೀಗವನ್ನೇ ಬದಲಾಯಿಸಿದರು. ಮರ ಕೊರೆಯುವ ಯಂತ್ರದ ಸದ್ದು ಖಾಲಿ ಸೈಟು ದಾಟಿ ಬಂತು. ಗುರುಸಿದ್ದಯ್ಯ ತಟ್ಟೆಯ ಮುಂದೆ ಕೂತಿದ್ದರು. ಕಳ್ಳ ಬಂದು ನಾಲ್ಕೂ ಚಕ್ರ ಒಯ್ದಿದ್ದರೆ ಇಷ್ಟು ನೋವಾಗುತ್ತಿತ್ತೇ ಎಂದು ಯೋಚಿಸಿದರು. ಆಗುತ್ತಿರಲಿಲ್ಲ. ಕಳ್ಳನ ಜೊತೆ ಅವರು ಹನ್ನೆರಡು ವರ್ಷ ಕಾಫಿ ಕುಡಿದಿರಲಿಲ್ಲ.

ಒಂದು ಮಾತನ್ನು ದಾಖಲಿಸಬೇಕು. ಈ ಮುನಿಸು ನಡೆದದ್ದು ಮನೆಗಳ ಮುಂಬಾಗಿಲಿನಲ್ಲಿ ಮಾತ್ರ. ಹಿತ್ತಿಲಿನಲ್ಲಿ ಏನೂ ಬದಲಾಗಿರಲಿಲ್ಲ. ಹುಳಿಗೆ ಕರಿಬೇವು ಈ ಕಡೆಯಿಂದ ಆ ಕಡೆ, ಮೊಸರಿಗೆ ಹೆಪ್ಪು ಆ ಕಡೆಯಿಂದ ಈ ಕಡೆ ಎಂದಿನಂತೆಯೇ ಹೋಗಿ ಬರುತ್ತಿದ್ದವು.

ಕಾರ್ತಿಕದಲ್ಲಿ ಸರ್ವಮಂಗಳ ಅವರ ತಮ್ಮ ನಾಗಭೂಷಣ್ ಕುಣಿಗಲ್ಲಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ ಬಂತು. ಅವರ ಮನೆತನದಲ್ಲಿ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಬೇಕಾದವಳು ಮನೆಮಗಳು. ಅಕ್ಕ ಬಾರದೆ ಒಲೆ ಹಚ್ಚುವಂತಿಲ್ಲ. ಗುರುಸಿದ್ದಯ್ಯ ಮುಂಜಾನೆಯೇ ಟೈರಿನ ಗಾಳಿ ನೋಡಿದರು, ಸ್ಟೆಪ್ನಿ ತಟ್ಟಿದರು, ಜಾಕು ಸ್ಪಾನರು ಎಣಿಸಿದರು, ನೀರಿನ ಬಾಟಲಿ ತುಂಬಿಸಿದರು, ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರು. ಜಾಗರೂಕ ಮನುಷ್ಯ.

ಹೆಬ್ಬೂರು ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿನ ಎಡ ಚಕ್ರ ಸುಯ್ಯೆಂದು ಕೂತಿತು.

"ಗಾಬರಿ ಬೇಡ. ಹತ್ತು ನಿಮಿಷದ ಕೆಲಸ" ಎಂದು ಗುರುಸಿದ್ದಯ್ಯ ರೇಷ್ಮೆ ಪಂಚೆ ಎತ್ತಿ ಕಟ್ಟಿದರು. ಒಂದು ನಟ್ಟು ಸಡಿಲವಾಯಿತು, ಎರಡು, ಮೂರು. ನಾಲ್ಕನೆಯದಕ್ಕೆ ಸ್ಪಾನರು ಕೂರಲೇ ಇಲ್ಲ. ಅವರು ಅದನ್ನು ತುಸು ಹೊತ್ತು ನೋಡಿದರು. ಆಮೇಲೆ ರಸ್ತೆಯ ಮೇಲೆಯೇ ಕೂತುಬಿಟ್ಟರು.

"ಕೀ ಎಲ್ರೀ?" ಎಂದರು ಸರ್ವಮಂಗಳ.

"ಮನೇಲಿ. ದೇವರ ಕೋಣೇಲಿ, ಸಿದ್ಧಲಿಂಗೇಶ್ವರನ ಫೋಟೋ ಹಿಂದೆ. ಅಲ್ಲಿ ಯಾವ ಕಳ್ಳನೂ ಕೈ ಹಾಕಲ್ಲ ಅಂತ."

ಅಷ್ಟರಲ್ಲಿ ಜನ ಸೇರಿದ್ದರು. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನ ರಾಮಾಂಜಿನಯ್ಯ ಎಂಬ ಹಿರಿಯರು ಗಾಡಿಗೆ ಸ್ಟ್ಯಾಂಡ್ ಹಾಕಿ ಮುಖಂಡತ್ವ ವಹಿಸಿಕೊಂಡರು. ರಾಗಿ ಹುಲ್ಲಿನ ಟ್ರಾಕ್ಟರಿನವರು ತಮ್ಮ ಸ್ಪಾನರು ತಂದರು, ಕೂರಲಿಲ್ಲ. ಉಳಿ ಸುತ್ತಿಗೆಯಿಂದ ಹೊಡೆಯೋಣ ಎಂದು ಒಬ್ಬರು, ಅಲಾಯ್ ಸೀಳುತ್ತದೆ ಎಂದು ಇನ್ನೊಬ್ಬರು.

"ಗಾಡಿ ನಿಮ್ದೇನಾ?" ಎಂದರು ರಾಮಾಂಜಿನಯ್ಯ.

"ನಂದೇ."

"ನಿಮ್ದೇ ಗಾಡಿ ಚಕ್ರ ನಿಮ್ ಕೈಲೇ ಬಿಚ್ಚಕಾಗ್ತಿಲ್ಲ."

"ಕೀ ಮನೇಲಿದೆ."

"ಕದ್ದ ಗಾಡಿಯೋರೂ ಇದ್ನೇ ಹೇಳಾದು ಸ್ವಾಮಿ." ಅವರು ಹಿಂದಿನ ಗಾಜಿನ ಹತ್ತಿರ ಹೋಗಿ ನಿಧಾನವಾಗಿ ಓದಿದರು. "ಪ್ರ-ಯ-ತ್ನಿ-ಸ-ಬೇ-ಡಿ. ನೀವೇ ಬರ್ಸಿದೀರ. ಮತ್ಯಾಕೆ ಪ್ರಯತ್ನಿಸ್ತಿದೀರ?"

ಟ್ರಾಕ್ಟರಿನ ಮೇಲಿನಿಂದ ನಗು ಬಂತು. ಕುಣಿಗಲ್ಲಿನಿಂದ ನಾಗಭೂಷಣ್ ಫೋನು ಬಂತು. "ಅಕ್ಕಾ, ಎಲ್ಲಿದೀರ? ಅಯ್ಯನವರು ಕಲಶ ಇಟ್ಟಾಯ್ತು. ಒಲೆ ಮುಂದೆ ಯಾರೂ ಇಲ್ಲ."

ಹೆಂಡತಿಯನ್ನಾದರೂ ಬಸ್ಸು ಹತ್ತಿಸೋಣವೆಂದರೆ ಅದೂ ಕಾಣಲಿಲ್ಲ. ಗುರುಸಿದ್ದಯ್ಯ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಮನೆಗೆ ಹೋಗಿ ಕೀ ತರುವವರು ಬೇಕು. ಅಂಥವರು ಪ್ರಪಂಚದಲ್ಲಿ ಒಬ್ಬರೇ ಇದ್ದರು. ಆದರೆ ಮನೆಯ ಕೀ ಅವರ ಮೊಳೆಯಲ್ಲಿ ಇರಲಿಲ್ಲ.

"ಮನೆ ಕೀ ವನಜಕ್ಕನ ಹತ್ರಾನೇ ಇದೆ" ಎಂದರು ಸರ್ವಮಂಗಳ, ಎತ್ತಲೋ ನೋಡುತ್ತ. "ಅವ್ರ ಅಡುಗೆಮನೇಲಿ, ಜೀರಿಗೆ ಡಬ್ಬಿ ಹಿಂದೆ. ಚನ್ನವೀರಣ್ಣ ವಾಪಸ್ ಕೊಟ್ಟ ಸಾಯಂಕಾಲವೇ ಕೊಟ್ಟಿದ್ದೆ. ಫೋನ್ ಮಾತ್ರ ನೀವೇ ಮಾಡಿ."

ಅವರು ಮಾಡಿದರು.

"ಚನ್ನವೀರಣ್ಣ."

"ಯಾರು ಮಾತಾಡೋದು?"

ಗೋಡೆಯಾಚೆ ಕೆಮ್ಮಿದರೂ ಗುರುತು ಹಿಡಿಯುತ್ತಿದ್ದ ಮನುಷ್ಯ ಕೇಳಿದ ಪ್ರಶ್ನೆ ಇದು.

"ನಾನು ಗುರುಸಿದ್ದ. ಹೆಬ್ಬೂರು ಹತ್ರ ಟೈರ್ ಪಂಕ್ಚರ್ ಆಗಿದೆ."

"ಬೀಗ ಹಾಕ್ಸಿದ್ರಲ್ಲ."

"ಬೀಗ ಪಂಕ್ಚರ್ ತಡೆಯಲ್ಲ ಅಣ್ಣ."

"ಹೌದಾ? ಬೋರ್ಡ್ ನೋಡಿ ಎಲ್ಲಾನೂ ತಡೆಯುತ್ತೆ ಅನ್ಕೊಂಡಿದ್ದೆ."

ಗುರುಸಿದ್ದಯ್ಯ ವಿಷಯ ಹೇಳಿದರು. ಜೀರಿಗೆ ಡಬ್ಬಿಯ ಸಂಗತಿ ಕೇಳಿದ್ದೇ ತಡ, ಆ ಕಡೆ "ವನಜಾ!" ಎಂಬ ಕೂಗು, ಡಬ್ಬಿಗಳ ಸದ್ದು. ಚನ್ನವೀರಯ್ಯ ಮತ್ತೆ ಫೋನಿಗೆ ಬಂದರು.

"ಕೀ ಸಿಕ್ತು. ಆದ್ರೆ ನಾನೊಬ್ನೇ ನಿಮ್ಮನೆ ಒಳಗೆ ಹೋಗಲ್ಲ. ನಾಳೆ ಒಂದು ಚಮಚ ಕಮ್ಮಿಯಾದ್ರೆ? ವಿಡಿಯೋ ಕಾಲ್ ಮಾಡ್ತೀನಿ. ನಾನು ಕಾಲಿಡೋ ಜಾಗ ಎಲ್ಲ ನೀವು ನೋಡ್ತಿರ್ಬೇಕು."

ಹೀಗೆ ಕುಣಿಗಲ್ ರಸ್ತೆಯ ಬದಿಯಲ್ಲಿ ಹೆಬ್ಬೂರಿನ ಜನ ಗುರುಸಿದ್ದಯ್ಯನವರ ಹೆಗಲ ಮೇಲಿನಿಂದ ಬಗ್ಗಿ, ಅವರ ಮನೆಯನ್ನು ನೋಡಿದರು.

"ಇದು ಮುಂಬಾಗಿಲು. ತೆಗ್ದೆ. ಇದು ನಿಮ್ ಸೋಫಾ. ಮುಟ್ಟಿಲ್ಲ. ಇದು ಟಿವಿ. ಇದೆ ತಾನೆ? ನೋಡ್ಕೊಳ್ಳಿ."

"ಟಿವಿ ದೊಡ್ದಾಗೈತೆ" ಎಂದರು ಟ್ರಾಕ್ಟರಿನವರು.

"ಯಾರದು?" ಎಂದರು ಚನ್ನವೀರಯ್ಯ, ಬೆಚ್ಚಿ.

"ಸಾಕ್ಷಿಗಳು ಸ್ವಾಮಿ. ನೀವು ಮುಂದ್ಕೋಗಿ" ಎಂದರು ರಾಮಾಂಜಿನಯ್ಯ.

ಚಪ್ಪಲಿ ಬಿಟ್ಟ ಸದ್ದು. ದೇವರ ಕೋಣೆ. ಚಿತ್ರ ಒಂದು ಕ್ಷಣ ಅಲ್ಲಾಡಿತು, ಕೈ ಮುಗಿದಿರಬೇಕು. ಸಿದ್ಧಲಿಂಗೇಶ್ವರನ ಫೋಟೋ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಬರೀ ಗೋಡೆ ಕಂಡಿತು.

ಮೊಬೈಲಿನಲ್ಲಿ ಚನ್ನವೀರಯ್ಯನವರ ಮುಖ ಬಂತು, ತೀರಾ ಹತ್ತಿರದಿಂದ. ವ್ಯಂಗ್ಯವೆಲ್ಲ ಇಳಿದುಹೋಗಿತ್ತು.

"ಗುರುಸಿದ್ದಣ್ಣ. ಇಲ್ಲಿ ಏನೂ ಇಲ್ಲ. ದೇವರ ಮುಂದೆ ನಿಂತು ಹೇಳ್ತಿದೀನಿ, ಅವನಾಣೆ, ನಾನು..."

"ಆಣೆ ಇಡ್ಬೇಡಿ ಅಣ್ಣ!" ಗುರುಸಿದ್ದಯ್ಯ ಕೂಗಿಯೇಬಿಟ್ಟರು. ಅರವತ್ತು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ, ಇವರ ಮನೆಯ ದೇವರ ಮುಂದೆ ಬರಿಗಾಲಲ್ಲಿ ನಿಂತು ತಾನು ಕಳ್ಳನಲ್ಲ ಎಂದು ಹೇಳುವಂತಾಗಿತ್ತು. "ನೀವು ತಗೊಂಡಿಲ್ಲ. ಅಲ್ಲಿರೋ ಎಲ್ಲಾನೂ ಹೋದ್ರೂ ನೀವು ತಗೊಂಡಿಲ್ಲ. ನಾನೇ ಎಲ್ಲೋ ಭದ್ರವಾಗಿಟ್ಟಿರ್ತೀನಿ. ಕಾರು ಇಲ್ಲೇ ಇರ್ಲಿ ಬಿಡಿ. ನೀವು ಆಚೆ ಬನ್ನಿ ಅಣ್ಣ."

"ರೀ" ಎಂದರು ಸರ್ವಮಂಗಳ. "ಹಳದಿ ಬಟ್ಟೇಲಿ ಕಟ್ಟಿ ಇಟ್ಟಿದ್ರಾ?"

"ಹೌದು. ಪೂಜೆ ತಟ್ಟೇಲಿದ್ದ ಬಟ್ಟೆ."

"ಅದು ಮುಡಿಪಲ್ವಾ?"

ಅವರು ಕಾರಿನಿಂದ ಕೈಚೀಲ ತೆಗೆದರು. ಅದರೊಳಗೆ, ಬಾಗಿನದ ಸೀರೆಯ ಮಡಿಕೆಯಲ್ಲಿ, ಹಳದಿ ಬಟ್ಟೆಯ ಪುಟ್ಟ ಗಂಟು. ಹರಕೆ ಹೊತ್ತು ದೇವರಿಗೆಂದು ಕಾಸು ಕಟ್ಟಿಟ್ಟ ಗಂಟನ್ನು, ಅಂದರೆ ಮುಡಿಪನ್ನು, ಗುಡಿಗೆ ಒಪ್ಪಿಸುವವರೆಗೆ ಯಾರೂ ಬಿಚ್ಚುವುದಿಲ್ಲ. ಏನು, ಎಷ್ಟು ಎಂದು ಕೇಳುವುದೂ ಇಲ್ಲ. ಸರ್ವಮಂಗಳ ಅದನ್ನು ಕಂಡದ್ದು ಮನೆಯೆಲ್ಲ ಚನ್ನವೀರಯ್ಯನವರ ಕೀ ಹುಡುಕುವಾಗ. ಆಗಲೂ ಬಿಚ್ಚಿರಲಿಲ್ಲ.

"ಚನ್ನವೀರಣ್ಣನ ಮುನಿಸು ಇಳೀಲಿ ಅಂತ ನೀವು ಹರಕೆ ಕಟ್ಕೊಂಡಿದೀರ ಅನ್ಕೊಂಡೆ. ಬಾಯಿಬಿಟ್ಟು ಹೇಳೋರಲ್ವಲ್ಲ. ಗೃಹಪ್ರವೇಶ ಮುಗಿಸ್ಕೊಂಡು ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಹಾಕ್ಬಿಟ್ಟು ಬರೋಣ ಅಂತ ತಂದೆ."

ಮೊಬೈಲು ಗುರುಸಿದ್ದಯ್ಯನವರ ಕೈಯಲ್ಲೇ ಇತ್ತು. ಅದರಲ್ಲಿನ ಮುಖ ಈ ಮಾತನ್ನು ಪೂರ್ತಿ ಕೇಳಿಸಿಕೊಂಡಿತು.

"ಬಿಚ್ಚು" ಎಂದರು ಗುರುಸಿದ್ದಯ್ಯ.

"ದೇವರಿಗೆ ಅಂತ ಎತ್ಕೊಂಡಿದೀನಿ, ದಾರೀಲಿ ಬಿಚ್ಚೋದಾ?"

"ಕಟ್ದೋರು ಯಾರು ತಾಯಿ?" ಎಂದರು ರಾಮಾಂಜಿನಯ್ಯ.

"ಇವ್ರು."

"ಕಟ್ಟೋವಾಗ ಹರಕೆ ಅನ್ಕೊಂಡ್ರಾ ಸ್ವಾಮಿ?"

"ಇಲ್ಲ. ಕಳ್ಳ ಅನ್ಕೊಂಡೆ."

"ಹಂಗಾದ್ರೆ ಬಿಚ್ಚಮ್ಮ. ಆ ಬಟ್ಟೇಲಿ ಒಂದು ಕಾಸು ಕಟ್ಕೊಂಡ್ ಹೋಗು, ದೇವ್ರು ಒಪ್ಕೊತಾನೆ."

ಗಂಟು ಬಿಚ್ಚಿತು. ಉಕ್ಕಿನ ಕೊಳವೆಯ ಪಕ್ಕದಲ್ಲಿ ಒಂದು ಹಳೆಯ ಹಿತ್ತಾಳೆ ಕೀ. ಎರಡರ ಮೇಲೂ ವಿಭೂತಿ, ಒಣಗಿದ ಕುಂಕುಮ. ಗುರುಸಿದ್ದಯ್ಯ ಹಿತ್ತಾಳೆ ಕೀಯನ್ನು ಎತ್ತಿ ಹಿಡಿದರು. ತಮ್ಮ ಕೈಯಿಂದ ಹೋಗಬಾರದ ಎರಡು ವಸ್ತುಗಳನ್ನು ಆ ದಿನ ಒಟ್ಟಿಗೆ ಕಟ್ಟಿದ್ದರು. ಒಂದನ್ನು ನೆನಪಿಟ್ಟುಕೊಂಡು ಇನ್ನೊಂದನ್ನು ಮರೆತಿದ್ದರು.

"ಇದು ನಮ್ದು" ಎಂದಿತು ಮೊಬೈಲು.

"ನಿಮ್ದೇ ಅಣ್ಣ. ದೇವರ ಹಿಂದೆ ಇಟ್ಟಿದ್ದೆ."

ಮೊಬೈಲಿನ ಚಿತ್ರದಲ್ಲಿ ಮುಖ ಮರೆಯಾಗಿ ದೇವರ ಕೋಣೆಯ ಸೂರು ಕಂಡಿತು. ಬಹಳ ಹೊತ್ತು ಸೂರೇ ಕಾಣುತ್ತಿತ್ತು. ಆಮೇಲೆ ದನಿ ಬಂತು.

"ಅದು ಈಗ ಯಾವ ಬೀಗಕ್ಕೂ ಆಗಲ್ಲ ಗುರುಸಿದ್ದಣ್ಣ. ಮೊನ್ನೆ ಬದಲಾಯ್ಸಿಬಿಟ್ಟೆ."

"ಸದ್ದು ಕೇಳಿಸ್ತು."

"ಹೂಂ." ಮತ್ತೆ ಸ್ವಲ್ಪ ಸೂರು. "ಸರಿ, ಅಲ್ಲೇ ಕೂತಿರ್ಬೇಡಿ. ಹಾಲು ಕಾಯ್ತಾ ಇದೆಯಂತೆ. ನಿಮ್ಮನೆ ಬಾಗಿಲು ನಾನು ಹಾಕ್ಕೊತೀನಿ. ಕೀ ಮೊಳೇಲಿರುತ್ತೆ."

ಟ್ರಾಕ್ಟರಿನವರು ಚಕ್ರ ಬದಲಾಯಿಸಿಕೊಟ್ಟರು. ಸರ್ವಮಂಗಳ ತಲುಪಿದಾಗ ಕುಣಿಗಲ್ಲಿನ ಹೊಸ ಮನೆಯ ಮುಂದೆ ಅರ್ಧ ಜನ ಅವರಿಗಾಗಿ, ಅರ್ಧ ಜನ ಊಟಕ್ಕಾಗಿ ಕಾದಿದ್ದರು. ಹಾಲು ಉಕ್ಕಿತು. ಎಡೆಯೂರಿನಲ್ಲಿ ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಹುಂಡಿಗೆ ಹಾಕುವಾಗ ಸರ್ವಮಂಗಳ ಗಂಡನ ಕಡೆ ನೋಡಿದರು. ಹರಕೆ ಕೈಗೂಡಿದ ಮೇಲೆ ಕಟ್ಟಿದ ಮುಡಿಪು ಅದೊಂದೇ ಇರಬೇಕು.

ಮರುದಿನ ಚನ್ನವೀರಯ್ಯನವರ ಹೊಸ ಬೀಗದ ಕೀ, ಹಿತ್ತಿಲಿನಿಂದಲ್ಲ, ಮುಂಬಾಗಿಲಿನಿಂದಲೇ ಬಂತು. ಸ್ಟಿಕ್ಕರನ್ನು ಇಬ್ಬರೂ ಸೇರಿ ಬ್ಲೇಡಿನಿಂದ ಕೆರೆದರು. ಅಂಟು ಇನ್ನೂ ಹೋಗಿಲ್ಲ.

ಚಕ್ರಕ್ಕೆ ಬೀಗ ಬೇಕೇ ಬೇಡವೇ ಎಂಬ ಪ್ರಶ್ನೆ ಉಳಿಯಿತು. ತೆಗೆಸಿಬಿಡು ಎಂದು ಕದರಯ್ಯ ಗುಬ್ಬಿಯಿಂದ ಫೋನ್ ಮಾಡಿದರು. ಗುರುಸಿದ್ದಯ್ಯ ಯೋಚಿಸಿದರು. ಇಟ್ಟಿಗೆಗಳ ಮೇಲೆ ಕೂತ ಆ ಕಾರು ಸುಳ್ಳಲ್ಲ. ಕಳ್ಳರು ಎಲ್ಲೋ ಇದ್ದೇ ಇದ್ದಾರೆ. ಬೀಗದ ತಪ್ಪೇನೂ ಇಲ್ಲ. ಅದರ ಕೀ ಎಲ್ಲಿರಬೇಕು ಎಂಬುದರಲ್ಲಿ ಮಾತ್ರ ತಾವು ಎಡವಿದ್ದು. ಕೊನೆಗೆ ಬೀಗ ಉಳಿಸಿಕೊಂಡು, ಉಕ್ಕಿನ ಕೊಳವೆಗೆ ದಾರ ಕಟ್ಟಿ ಚನ್ನವೀರಯ್ಯನವರಿಗೆ ಕೊಟ್ಟರು. ಮನೆಯ ಕೀ ಇರುವ ಮೊಳೆಯಲ್ಲೇ ಇದೂ ಇರಲಿ. ಊರಿಗೆ ಹೊರಟಾಗ ಕೇಳಿ ಪಡೆಯುವುದು, ಬಂದಾಗ ಕೊಡುವುದು. ಡಿಕ್ಕಿಯಲ್ಲಿ ಇಡುವುದು ಇದಕ್ಕಿಂತ ಸುಲಭವಲ್ಲವೆ ಎಂದು ಕಾಂತೇಶ್ ಕೇಳಿದಾಗ, "ಸುಲಭ" ಎಂದು ಒಪ್ಪಿಕೊಂಡರು, ಅಷ್ಟೆ.

ಸಂಕ್ರಾಂತಿ ಕಳೆದ ಮೇಲೊಂದು ಭಾನುವಾರ ಗುಬ್ಬಿಗೆ ಹೊರಟರು. ಕಾರು ಚಾಲೂ ಮಾಡಿ, ಗುರುಸಿದ್ದಯ್ಯ ಜಗಲಿ ಹತ್ತಿದರು. ಈ ಸಲ ಅವರು ಏನನ್ನೂ ಮರೆತಿರಲಿಲ್ಲ.

"ಅಣ್ಣ, ಚಕ್ರದ ಕೀ."

ಚನ್ನವೀರಯ್ಯ ಒಳಗೆ ಹೋದರು. ಮೊಳೆಯ ಹತ್ತಿರ ನಿಂತರು. ಮೊಳೆಯಲ್ಲಿ ಮನೆ ಕೀ ಮಾತ್ರ ಇತ್ತು. ಅವರು ಕ್ಯಾಲೆಂಡರ್ ಎತ್ತಿ ನೋಡಿದರು, ಜೇಬು ಮುಟ್ಟಿಕೊಂಡರು, ದೇವರ ಕೋಣೆಗೆ ಹೋಗಿ ಬಂದರು.

"ಏನಾಯ್ತು ಅಣ್ಣ?"

"ಏನಿಲ್ಲ ಗುರುಸಿದ್ದಣ್ಣ. ಹಬ್ಬದಲ್ಲಿ ಮನೆ ತುಂಬ ಜನ ಬಂದಿದ್ರು ನೋಡಿ. ಮೊಳೇಲಿ ಯಾಕೆ ಅಂತ..." ಅವರ ದನಿ ತಗ್ಗಿತು. "ಭದ್ರವಾಗಿಟ್ಟೆ."

ಅಡುಗೆಮನೆಯಿಂದ ಇಬ್ಬರು ಹೆಂಗಸರು ನಕ್ಕ ಸದ್ದು ಕೇಳಿಸಿತು. ಗುರುಸಿದ್ದಯ್ಯ ಹೋಗಿ ತಮ್ಮ ಕಾರು ಆರಿಸಿ ಬಂದರು. ನಾಲ್ವರೂ ಚನ್ನವೀರಯ್ಯನವರ ಹಳೆಯ ಕಾರಿನಲ್ಲಿ ಗುಬ್ಬಿಗೆ ಹೋದರು.